ಹಳೆಯ ಜೀಪಿನ ಹೊಟ್ಟೆಯ ತುಕ್ಕು ತೊಳೆಯುವ ಕ್ರಮ



ನಮ್ಮ ಭಾಗದ ತೋಟಗಳಲ್ಲಿ ಹಳೆಯ ವಿಲ್ಲಿಸ್ ಜೀಪುಗಳು ಕೆಲವು ಇನ್ನೂ ಉಳಿದಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಕೆಸರಿಗೂ ಮೂಟೆಯ ಭಾರಕ್ಕೂ ಜಗ್ಗದ ಈ ಗಾಡಿಯನ್ನು ಒಳಗಿನ ನೀರೇ ಕೊಲ್ಲುವುದುಂಟು.

ನಮ್ಮ ಅನುಭವವನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಕೊಯ್ಲಿನ ಕಾಲದಲ್ಲಿ, ಹಣ್ಣಿನ ಮೂಟೆ ಹೇರಿಕೊಂಡು ಏರು ಹತ್ತುವಾಗ ನಮ್ಮ ಜೀಪು ಕುದಿಯಿತು. ಗಾಬರಿಯಲ್ಲಿ ಹಳ್ಳದ ತಣ್ಣೀರು ತಂದು ಸುರಿದೆವು. ಕಾದ ಕಬ್ಬಿಣದ ಹೆಡ್ಡು ಬಿರುಕು ಬಿಟ್ಟಿತು. ಆ ದಿನದ ಹಣ್ಣು ಪಲ್ಪರಿಗೆ ಸೇರುವಷ್ಟರಲ್ಲಿ ಹುಳಿತುಹೋಯಿತು. ಹಿಂದಿನ ತಿಂಗಳಷ್ಟೇ ರೇಡಿಯೇಟರ್ ತೊಳೆಸಿದ್ದೆವಲ್ಲ ಎಂದು ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಬ್ಲಾಕಿನೊಳಗಿನ ತುಕ್ಕಿನ ಕೆಸರನ್ನು ಯಾರೂ ಮುಟ್ಟಿರಲಿಲ್ಲ. ಅದೇ ಹರಿದು ಬಂದು, ತೊಳೆದ ಕೊಳವೆಗಳನ್ನು ಮತ್ತೆ ಕಟ್ಟಿತ್ತು.

ಒಳಗೆ ಸೇರುವ ಕಸ ಎರಡು ಬಗೆಯದು. ಮೊದಲನೆಯದು ತುಕ್ಕು, ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದಲ್ಲಿ ಇದು ಹುಟ್ಟುತ್ತದೆ. ಎರಡನೆಯದು ಸುಣ್ಣದ ಪೊರೆ. ಗಡಸು ನೀರು ಕಾಸುವ ಬಚ್ಚಲ ಹಂಡೆಯಲ್ಲಿ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ಬಲ್ಲೆವು. ಬೋರ್‌ವೆಲ್ ನೀರು ಹಾಕಿದ ಇಂಜಿನ್ನಿನಲ್ಲಿ ಆಗುವುದೂ ಅದೇ. ಈ ಪೊರೆ ಶಾಖವನ್ನು ನೀರಿಗೆ ಸರಿಯಾಗಿ ದಾಟಗೊಡದು. ಇನ್ನು, 1979ರಲ್ಲಿ ನಮ್ಮ ಗೊರೂರಿನ ಅಣೆಕಟ್ಟು ಮುಗಿದು ಹೇಮಾವತಿ ನಿಂತ ಮೇಲೆ, ಹೊಳೆಯ ಹೂಳು ತಳದಲ್ಲಿ ಕೂರತೊಡಗಿತು. ಹಾಗೆಯೇ ಬ್ಲಾಕಿನಲ್ಲೂ ನೀರಿನ ಓಟ ನಿಧಾನವಾಗುವ ಹಿಂಬದಿಯ ತಳದಲ್ಲಿ ತುಕ್ಕಿನ ಹೂಳು ಕೂರುತ್ತದೆ.

ಆದ್ದರಿಂದ ರೇಡಿಯೇಟರನ್ನೂ ಬ್ಲಾಕನ್ನೂ ಬೇರೆಬೇರೆಯಾಗಿ, ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿ ತೊಳೆಯಬೇಕು. ಕ್ರಮ ಹೀಗಿದೆ:

1. ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆರೆಯಿರಿ. ರೇಡಿಯೇಟರ್ ತಳದ ಮತ್ತು ಬ್ಲಾಕಿನ ಪಕ್ಕದ ನಲ್ಲಿಗಳೆರಡನ್ನೂ ಬಿಡಿ. ಬ್ಲಾಕಿನ ನಲ್ಲಿಯಿಂದ ನೀರು ಬಾರದಿದ್ದರೆ ಹೂಳು ಕಟ್ಟಿದೆ ಎಂದರ್ಥ; ತಂತಿಯಿಂದ ಕೆದಕಿ.

2. ಮೇಲಿನ, ಕೆಳಗಿನ ಹೋಸ್ ಪೈಪುಗಳನ್ನೂ ಥರ್ಮೋಸ್ಟಾಟನ್ನೂ ತೆಗೆಯಿರಿ. ಡೈನಮೊ ಮತ್ತು ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಹೊದಿಸಿ. ರೇಡಿಯೇಟರಿಗೆ ಕೆಳಗಿನ ಬಾಯಿಂದ ನೀರು ಕೊಟ್ಟು ಮೇಲಿನಿಂದ ಹೊರಬಿಡಿ. ಬ್ಲಾಕಿಗೆ ಮೇಲಿನಿಂದ ಕೊಟ್ಟು ಕೆಳಗೆ ಬಿಡಿ. ತೋಟದ ಪೈಪಿನ ಒತ್ತಡ ಸಾಕು. ಕಂಪ್ರೆಸರ್ ಗಾಳಿ ಹಳೆಯ ರೇಡಿಯೇಟರನ್ನು ಒಡೆದೀತು.

3. ಥರ್ಮೋಸ್ಟಾಟ್ ಇಲ್ಲದೆಯೇ ಪೈಪು ಜೋಡಿಸಿ, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿದ ನೀರು ತುಂಬಿ. ಜೀಪಿಗೆ ಸುಮಾರು 10 ಲೀಟರ್ ಹಿಡಿಯುತ್ತದೆ. ಕುದಿಯಗೊಡದೆ 20 ನಿಮಿಷ ಇಂಜಿನ್ ಓಡಿಸಿ. ಕಕ್ಕಸು ತೊಳೆಯುವ ಆಸಿಡ್ ಖಂಡಿತ ಬೇಡ. ಅದು ಲೋಹವನ್ನೇ ತಿನ್ನುತ್ತದೆ.

4. ತಣಿದ ಮೇಲೆ ಬಸಿದು, ಎರಡನೆಯ ಕ್ರಮವನ್ನು ಮತ್ತೆ ಮಾಡಿ. ತಿಳಿನೀರು ಬರುವ ತನಕ ಬಿಡಬೇಡಿ.

5. ಉಳಿದ ಹುಳಿ ಸಾಯಲು ಎರಡು ಚಮಚ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಓಡಿಸಿ, ಬಸಿದು, ಮತ್ತೊಮ್ಮೆ ತೊಳೆಯಿರಿ. ನಂತರ ಥರ್ಮೋಸ್ಟಾಟ್ ಕೂರಿಸಿ, ಮೆತ್ತಗಾದ ಹೋಸುಗಳನ್ನು ಬದಲಿಸಿ.

ತುಕ್ಕು ಹೋದೊಡನೆ ಅಲ್ಲಲ್ಲಿ ಸೋರಿಕೆ ಕಂಡರೆ ಗಾಬರಿ ಬೇಡ. ತುಕ್ಕೇ ಬಿರಡೆಯಂತೆ ತೂತು ಮುಚ್ಚಿಕೊಂಡಿತ್ತು. ಘಾಟಿಯಲ್ಲಿ ಸೋರುವುದಕ್ಕಿಂತ ಮನೆಯ ಕೊಟ್ಟಿಗೆಯಲ್ಲಿ ಸೋರುವುದು ಲೇಸು. ರೇಡಿಯೇಟರ್ ಗುಣವಾಯಿತೇ ಎಂದು ತಿಳಿಯಲು, ಇಂಜಿನ್ ಬಿಸಿ ಮಾಡಿ ನಿಲ್ಲಿಸಿ, ಫ್ಯಾನ್ ನಿಂತ ಮೇಲೆ ಮುಂಭಾಗಕ್ಕೆ ಅಂಗೈ ಹತ್ತಿರ ಹಿಡಿದು ನೋಡಿ. ತಣ್ಣಗಿರುವ ಕಡೆ ಕೊಳವೆ ಇನ್ನೂ ಕಟ್ಟಿದೆ.

ಇಷ್ಟೆಲ್ಲ ಮಾಡಿ ಮತ್ತೆ ಬೋರ್‌ವೆಲ್ ನೀರು ತುಂಬಿದರೆ ಶ್ರಮ ವ್ಯರ್ಥ. ಡಿಸ್ಟಿಲ್ಡ್ ವಾಟರ್ ಉತ್ತಮ. ಸಿಗದಿದ್ದರೆ ಹೆಂಚು ಚೆನ್ನಾಗಿ ತೊಳೆದ ಮೇಲೆ ಹಿಡಿದು ಸೋಸಿದ ಮಳೆನೀರು ಆದೀತು. ಆದರೆ ಬರಿಯ ಮಳೆನೀರಿಗೂ ತುಕ್ಕು ಹಿಡಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕೂಲಂಟ್ ಸೇರಿಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ. ನಮಗೆ ಬೇಕಾದುದು ಅದರಲ್ಲಿನ ತುಕ್ಕು ತಡೆಯುವ ಮದ್ದು.

ಒಂದು ಎಚ್ಚರಿಕೆ: ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಹಳೆಯ ಕೂಲಂಟನ್ನು ಬೋಗುಣಿಯಲ್ಲಿ ತೆರೆದಿಡಬೇಡಿ, ಕೆರೆಗೂ ಅಡಿಕೆ ಬುಡಕ್ಕೂ ಸುರಿಯಬೇಡಿ. ಮುಚ್ಚಿದ ಕ್ಯಾನಿನಲ್ಲಿಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿನಲ್ಲಿ ವಿಚಾರಿಸಿ ಒಪ್ಪಿಸಿ. ಮಕ್ಕಳು, ದನ, ನಾಯಿಗಳ ಪ್ರಾಣದ ಪ್ರಶ್ನೆ.

ಈ ಕೆಲಸವನ್ನು ಮಳೆಗಾಲದ ಬಿಡುವಿನಲ್ಲಿ, ಕೊಯ್ಲಿಗೆ ಮೊದಲೇ ಮುಗಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ. ದಾರಿಯಲ್ಲಿ ಗಾಡಿ ಕುದಿದರೆ ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ತಣಿಯುವ ತನಕ ಕಾಯಿರಿ. ನಾವು ಕಾಯಲಿಲ್ಲ, ಅದರ ಬೆಲೆ ತೆತ್ತೆವು.