ಲೋಡ್ ಹಾಕುವ ಮುನ್ನ

ಜಗಳೂರಿನ ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಹೊನ್ನಾಳಿ–ನ್ಯಾಮತಿಯ ಭತ್ತ. ಸುಗ್ಗಿ ಬಂತೆಂದರೆ ಲಾರಿಗಳಿಗೆ ಬಿಡುವಿಲ್ಲ. "ಇನ್ನೊಂದಿಪ್ಪತ್ತು ಚೀಲ ಹಾಕ್ಕೊಳ್ಳಿ ಅಣ್ಣ, ಏನೂ ಆಗಲ್ಲ" ಎನ್ನುವವರು ಆಗ ಎಲ್ಲ ಕಡೆಯೂ ಸಿಗುತ್ತಾರೆ. ದಂಡ ಕಟ್ಟುವಾಗ ಅವರ ಫೋನ್ ಸ್ವಿಚ್ ಆಫ್!

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ. ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಜೊತೆಗೆ ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಬಿಡುವುದಿಲ್ಲ. ಇಳಿಸುವ ಖರ್ಚೂ ನಿಮ್ಮದೇ. ನಡುರಾತ್ರಿ ಹೆದ್ದಾರಿಯಲ್ಲಿ ಹಮಾಲರನ್ನು ಎಲ್ಲಿಂದ ತರುತ್ತೀರಿ? ಚೀಲದ ಲೆಕ್ಕ ನಂಬಬೇಡಿ, ಹಸಿ ಇರುವ ಜೋಳ ಹೆಚ್ಚು ತೂಗುತ್ತದೆ. ವೇಬ್ರಿಡ್ಜ್ ಚೀಟಿಯನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆ ತಾಳೆ ನೋಡಿ ಹೊರಡಿ.

ಚೀಲಗಳ ಮೇಲೆ ಜನರನ್ನು ಕೂರಿಸಿಕೊಳ್ಳುವ ರೂಢಿಯನ್ನಂತೂ ಬಿಟ್ಟೇ ಬಿಡಿ. ಸರಕು ಗಾಡಿಯಲ್ಲಿ ಪುಕ್ಕಟೆಯಾಗಿ ಬಂದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಗಾಡಿ ಮಗುಚಿದರೆ ಮಾಲೀಕನ ಹೊಲ-ಮನೆಗೇ ಕುತ್ತು. ಊರವರು ಕೈ ಅಡ್ಡ ಹಿಡಿದಾಗ ಇಲ್ಲವೆನ್ನುವುದು ಕಷ್ಟ, ಗೊತ್ತು. ಆದರೂ ಇಲ್ಲವೆನ್ನಿ.

ಕಾಗದಪತ್ರಗಳನ್ನೂ ನೋಡಿಕೊಳ್ಳಿ. ಗಾಡಿಗೆ ಎಂಟು ವರ್ಷ ತುಂಬಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಆಗಬೇಕು. ಒಣ ಅಡಿಕೆಯ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಟೈರ್ ಕೈಕೊಟ್ಟು ದಾರಿಯಲ್ಲೇ ತಡವಾದರೆ ಬಿಲ್ ಮಾಡಿಕೊಟ್ಟ ಮಂಡಿಯವರಿಗೆ ಕೂಡಲೇ ಫೋನ್ ಮಾಡಿ, ಅವಧಿ ಮುಂದುವರಿಸಲು ಹೇಳಿ.