ಕೇಬಲ್ ಟಿವಿ ಜಾಲದ ಮೂಲಕ ಇಂಟರ್ನೆಟ್: ಪರೀಕ್ಷಾ ಟಿಪ್ಪಣಿ

1. ಮಾನದಂಡ: ಡಾಕ್ಸಿಸ್. ಪೂರ್ಣರೂಪ: ಡೇಟಾ ಓವರ್ ಕೇಬಲ್ ಸರ್ವಿಸ್ ಇಂಟರ್‌ಫೇಸ್ ಸ್ಪೆಸಿಫಿಕೇಷನ್. ರೂಪಿಸಿದ್ದು ಅಮೆರಿಕದ ಕೇಬಲ್‌ಲ್ಯಾಬ್ಸ್. ಮೊದಲ ಆವೃತ್ತಿ 1997.

2. ಆವೃತ್ತಿಗಳು:
- 3.0 (2006): ಹಲವು ಚಾನೆಲ್‌ಗಳನ್ನು ಜೋಡಿಸುವ ಚಾನೆಲ್ ಬಾಂಡಿಂಗ್, ಐಪಿವಿ6.
- 3.1 (2013): ಒಎಫ್‌ಡಿಎಂ, ಡೌನ್‌ಲೋಡ್ ಗರಿಷ್ಠ 10 ಜಿಬಿಪಿಎಸ್.
- 4.0: ಅಪ್‌ಲೋಡ್ 6 ಜಿಬಿಪಿಎಸ್‌ವರೆಗೆ.

3. ಹಾದಿ: ಹೆಡ್‌ಎಂಡ್‌ನ ಸಿಎಂಟಿಎಸ್ → ಫೈಬರ್ → ಬಡಾವಣೆಯ ನೋಡ್ → ಕೋಆಕ್ಸಿಯಲ್ ಕೇಬಲ್ (75 ಓಮ್) → ಮನೆಯ ಸ್ಪ್ಲಿಟರ್ → ಒಂದು ಕವಲು ಟಿವಿಗೆ, ಇನ್ನೊಂದು ಮೋಡೆಮ್‌ಗೆ. ಫೈಬರ್, ಕೋಆಕ್ಸಿಯಲ್ ಎರಡೂ ಇರುವ ಈ ಜಾಲವೇ ಎಚ್‌ಎಫ್‌ಸಿ.

4. ಒಂದು ಡೌನ್‌ಲೋಡ್ ಚಾನೆಲ್‌ನ ಅಗಲ (3.0ರವರೆಗೆ): ಅಮೆರಿಕದಲ್ಲಿ 6 ಮೆಗಾಹರ್ಟ್ಜ್, ಯುರೋಡಾಕ್ಸಿಸ್‌ನಲ್ಲಿ 8.

5. ಅಪ್‌ಲೋಡ್ ನಿಧಾನವೇಕೆ? ಅಮೆರಿಕದ ಹಳೆಯ ಜಾಲಗಳಲ್ಲಿ ಅದಕ್ಕೆ ಸಿಕ್ಕಿದ್ದು 5–42 ಮೆಗಾಹರ್ಟ್ಜ್ ಮಾತ್ರ. ಸಡಿಲ ಕನೆಕ್ಟರ್‌ಗಳಿಂದ ನುಸುಳುವ ಗದ್ದಲವೂ ಇಲ್ಲೇ ಹೆಚ್ಚು. ಕೇಬಲ್ ಟಿವಿ ಹುಟ್ಟಿದ್ದೇ ಏಕಮುಖ ಪ್ರಸಾರಕ್ಕಾಗಿ ಎಂಬುದು ನೆನಪಿದ್ದರೆ ಕಾರಣ ಬಾಯಿಪಾಠ ಮಾಡಬೇಕಿಲ್ಲ.

6. ಗೊಂದಲದ ಅಂಶಗಳು:
- ಸಿಎಂಟಿಎಸ್ ಕೇಬಲ್‌ಗೆ, ಡಿಎಸ್‌ಎಲ್‌ಎಎಂ ದೂರವಾಣಿ ತಂತಿಗೆ. ಅದಲುಬದಲು ಮಾಡಿ ಕೇಳುವುದು ಸುಲಭ, ಎಚ್ಚರ.
- ಡಿಎಸ್‌ಎಲ್: ಮನೆಗೊಂದು ಪ್ರತ್ಯೇಕ ತಂತಿ, ವಿನಿಮಯ ಕೇಂದ್ರ ದೂರವಾದಷ್ಟೂ ವೇಗ ಕಡಿಮೆ. ಕೇಬಲ್: ಒಂದು ನೋಡ್‌ನ ಮನೆಗಳಿಗೆಲ್ಲ ಹಂಚಿಕೆಯ ವೇಗ, ಸಂಜೆಯ ದಟ್ಟಣೆಗೆ ಕುಸಿತ.
- ಕೇಬಲ್‌ನವರು ಕೊಟ್ಟದ್ದೆಲ್ಲ ಡಾಕ್ಸಿಸ್ ಅಲ್ಲ. ನಮ್ಮ ಊರುಗಳಲ್ಲಿ ಅದೇ ಆಪರೇಟರ್ ಕಂಬದಿಂದ ಫೈಬರ್ ಎಳೆದು ಒಎನ್‌ಟಿ ಪೆಟ್ಟಿಗೆ ಕೂರಿಸಿದ್ದರೆ ಅದು ಎಫ್‌ಟಿಟಿಎಚ್.

7. ಭಾರತ: ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆ, 1995. ಬ್ರಾಡ್‌ಬ್ಯಾಂಡ್‌ನ ಕನಿಷ್ಠ ಡೌನ್‌ಲೋಡ್ ವೇಗ: 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512 ಕೆಬಿಪಿಎಸ್, 2023ರಿಂದ 2 ಎಂಬಿಪಿಎಸ್.