ಡಿ.ಎ.ಪಿ. ಗೊಬ್ಬರದ ರಸಾಯನ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತನಿಗೆ ಡಿ.ಎ.ಪಿ. ಎಂದರೆ ಒಂದು ಮೂಟೆಯ ಹೆಸರು. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಅದು ಡೈ ಅಮೋನಿಯಂ ಫಾಸ್ಫೇಟ್ ಎಂಬ ಲವಣ. ಈ ಎರಡು ತಿಳಿವಳಿಕೆಗಳೂ ಒಂದೆಡೆ ಕೂಡದಿದ್ದರೆ ಗೊಬ್ಬರಕ್ಕೆ ಕೊಟ್ಟ ಹಣದಲ್ಲಿ ಒಂದು ಪಾಲು ಪೈರಿಗೆ ಸಲ್ಲದೆ ಹೋಗುತ್ತದೆ.

ಫಾಸ್ಫೇಟ್ ಶಿಲೆಯ ಪುಡಿಗೆ ಗಂಧಕಾಮ್ಲವನ್ನು ಸೇರಿಸಿದರೆ ಫಾಸ್ಫಾರಿಕ್ ಆಮ್ಲ ದೊರೆಯುತ್ತದೆ, ಜಿಪ್ಸಂ ಉಳಿಯುತ್ತದೆ. ಈ ಆಮ್ಲದ ಅಣುವಿನಲ್ಲಿ ಪಲ್ಲಟಗೊಳ್ಳಬಲ್ಲ ಜಲಜನಕದ ಪರಮಾಣುಗಳು 3. ಅಮೋನಿಯಾ ಒಂದರ ಸ್ಥಾನವನ್ನು ತುಂಬಿದರೆ ಮಾನೋ, ಎರಡರ ಸ್ಥಾನವನ್ನು ತುಂಬಿದರೆ ಡೈ ಅಮೋನಿಯಂ ಫಾಸ್ಫೇಟ್ ಆಗುತ್ತದೆ. ಮೂರನೆಯ ಅಮೋನಿಯಾ ಬಹುಕಾಲ ನಿಲ್ಲದೆ ಹಾರಿಹೋಗುತ್ತದೆ. ಮಾನೋ ಲವಣದ ದ್ರಾವಣ ಆಮ್ಲೀಯ, ಡೈ ಲವಣದ್ದು ತುಸು ಕ್ಷಾರೀಯ.

ಮೂಟೆಯ ಮೇಲಿನ 18–46 ಎಂಬ ಅಂಕಿಗಳಲ್ಲಿ ಮೊದಲನೆಯದು ಸಾರಜನಕದ ಶೇಕಡಾ ಪ್ರಮಾಣ. ಎರಡನೆಯದು ಬರಿಯ ರಂಜಕವಲ್ಲ, ರಂಜಕದ ಪೆಂಟಾಕ್ಸೈಡಿನ ಲೆಕ್ಕ. ಆದುದರಿಂದ 50 ಕಿಲೋ ಮೂಟೆಯಲ್ಲಿ ಸಾರಜನಕ 9 ಕಿಲೋ, ರಂಜಕ ಸುಮಾರು 10 ಕಿಲೋ.

ಈ ಲವಣದಲ್ಲಿ ರಂಜಕಕ್ಕೂ ಸಾರಜನಕಕ್ಕೂ ನೇರವಾದ ಬಂಧವಿಲ್ಲ. ರಂಜಕದ ಸುತ್ತ ಆಮ್ಲಜನಕ, ಸಾರಜನಕದ ಸುತ್ತ ಜಲಜನಕ. ಆದಕಾರಣ ನೀರಿನಲ್ಲಿ ಕರಗಿದೊಡನೆ ಎರಡೂ ಬೇರೆಯಾಗುತ್ತವೆ. ಮಣ್ಣಿನಲ್ಲಿ ಅವುಗಳ ಗತಿಯೂ ಬೇರೆ ಬೇರೆ.

1931ರಲ್ಲಿ ಸ್ಥಾಪನೆಗೊಂಡ ವಿ.ಸಿ. ಫಾರಂನಲ್ಲಿ ಭತ್ತದ ಗದ್ದೆ, ರಾಗಿಯ ಹೊಲ ಎರಡನ್ನೂ ಕಾಣಬಹುದು. ಆಮ್ಲೀಯವಾದ ಕೆಂಪು ಮಣ್ಣಿನ ಹೊಲದಲ್ಲಿ ಫಾಸ್ಫೇಟು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಕೂಡಿ ಬೇರಿಗೆ ಎಟುಕದಂತಾಗುತ್ತದೆ. ಬೇರಿನ ಸಮೀಪದಲ್ಲಿ ಸಾಲಿನಲ್ಲಿ ಹಾಕಿದರೆ ಈ ನಷ್ಟ ಕಡಿಮೆ. ಆದರೆ ಗೊಬ್ಬರ ಬೀಜಕ್ಕೆ ತಾಗಬಾರದು. ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದೆ ಫೆರಿಕ್ ಕಬ್ಬಿಣ ಫೆರಸ್ ಆಗುವುದರಿಂದ ಸೆರೆಯಲ್ಲಿದ್ದ ಫಾಸ್ಫೇಟು ಒಂದಿಷ್ಟು ಬಿಡುಗಡೆಯಾಗುತ್ತದೆ.

ಗದ್ದೆಯಲ್ಲಿ ನಷ್ಟವಾಗುವುದು ಸಾರಜನಕ. ಕೆಸರಿನ ತೆಳುವಾದ ಮೇಲ್ಪದರದಲ್ಲಿ ಗಾಳಿಯುಂಟು. ಅಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೇಟು ಗಾಳಿಯಿಲ್ಲದ ಕೆಳಪದರಕ್ಕೆ ಇಳಿದಾಗ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಕೊನೆಯ ಉಳುಮೆಯಲ್ಲಿ ಗೊಬ್ಬರವನ್ನು ಕೆಸರಿನೊಳಕ್ಕೆ ಸೇರಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಗೊಬ್ಬರವನ್ನು ಪರೀಕ್ಷಿಸಲು ರೈತರಲ್ಲಿ ಒಂದು ಉಪಾಯವುಂಟು. ಹೊಗೆಸೊಪ್ಪಿಗೆ ಸುಣ್ಣ ತಿಕ್ಕುವಂತೆ ನಾಲ್ಕು ಕಾಳುಗಳಿಗೆ ಸುಣ್ಣ ತಿಕ್ಕಿದರೆ ಮೂಗಿಗೆ ಘಾಟು ಹೊಡೆಯುತ್ತದೆ. ಕ್ಷಾರವು ಅಮೋನಿಯಾವನ್ನು ಹೊರದೂಡುವ ನಮ್ಮ ಪ್ರಯೋಗಶಾಲೆಯ ಪಾಠವೇ ಇದು. ಆದರೆ ಘಾಟು ಅಮೋನಿಯಂ ಇದೆಯೆಂದಷ್ಟೇ ಹೇಳಬಲ್ಲುದು. ಫಾಸ್ಫೇಟನ್ನು ಕಾಣಲು ನೈಟ್ರಿಕ್ ಆಮ್ಲ, ಅಮೋನಿಯಂ ಮಾಲಿಬ್ಡೇಟ್ ಸೇರಿಸಿ ಬಿಸಿ ಮಾಡಬೇಕು. ಹಳದಿಯ ಒತ್ತರ ಬರುತ್ತದೆ. ಸುಣ್ಣದೊಡನೆ ಈ ಗೊಬ್ಬರವನ್ನು ಬೆರೆಸಬಾರದೆಂಬುದೂ ಆ ಘಾಟಿನಿಂದಲೇ ತಿಳಿಯುತ್ತದೆ.

ವರ್ಷವರ್ಷವೂ ಡಿ.ಎ.ಪಿ. ಹಾಕಿದ ಗದ್ದೆಯಲ್ಲಿ ರಂಜಕ ಕೂಡಿಕೊಂಡಿರುವ ಸಂಭವವುಂಟು. ಆದುದರಿಂದ ಮೂಟೆ ಕೊಳ್ಳುವ ಮೊದಲು ಮಣ್ಣಿನ ಪರೀಕ್ಷೆಯಾಗಲಿ. ನಮ್ಮಲ್ಲಿ ಅನೇಕರು ರೈತರ ಮಕ್ಕಳು. ತರಗತಿಯಲ್ಲಿ ಕಲಿತ ಸಮೀಕರಣವನ್ನು ಮನೆಯವರಿಗೆ ಅವರ ಮಾತಿನಲ್ಲಿ ತಿಳಿಸಿದರೆ ಓದಿದ್ದು ಸಾರ್ಥಕ.